ಎಲೆ ಫೋಲ್ಡರಿಗೆ ಹೋಗುವ ದಾರಿ

ಚಾಮರಾಜನಗರದ ಕಾಲೇಜಿನ ಗೇಟಿನ ಹತ್ತಿರ ನಿಂತು ನನ್ನ ತಂಗಿ ನನ್ನನ್ನು ಒಂದೇ ಒಂದು ಮಾತು ಕೇಳಿದಳು. ಹೌದು ಅಂದಿದ್ದರೆ ಸಾಕಿತ್ತು. ನಾನು ಇಲ್ಲ ಅಂದೆ. ಆಮೇಲೂ ನಿಜ ಹೇಳುವುದಕ್ಕೆ ಬೇಕಾದಷ್ಟು ದಿನ ಇದ್ದವು, ಹೇಳಲಿಲ್ಲ. ತಾನು ಮಾಡದ ತಪ್ಪನ್ನು ತನ್ನದೇ ಅಂದುಕೊಂಡು ಅವಳು ಓಡಾಡುವುದನ್ನು ನೋಡುತ್ತ, ಅವಳ ಸ್ಕೂಟಿಯ ಚಕ್ರಕ್ಕೆ ಗಾಳಿ ಹಾಕಿಕೊಡುತ್ತ ವರ್ಷಗಟ್ಟಲೆ ಸುಮ್ಮನಿದ್ದುಬಿಟ್ಟೆ.

ಹಂಗಳದಲ್ಲಿ ರಸ್ತೆ ಪಕ್ಕಕ್ಕೆ ನನ್ನದೊಂದು ಪಂಕ್ಚರ್ ಅಂಗಡಿ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಲೆಕ್ಕದ ಮೇಷ್ಟರು ಬೋರ್ಡಿನ ಮೇಲೆ ಬರೆಯುವಾಗ ನನ್ನ ಕಣ್ಣು ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯ ಮೇಲಿರುತ್ತಿತ್ತು. ತಂಗಿ ಹಾಗಲ್ಲ. ಅವಳು ಓದಿದಳು, ಗುಂಡ್ಲುಪೇಟೆಯಲ್ಲಿ ಪಿಯುಸಿ ಮುಗಿಸಿದಳು, ಆಮೇಲೆ ಕಂಪ್ಯೂಟರ್ ಡಿಗ್ರಿ ಅಂತ ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿಬರತೊಡಗಿದಳು. ಮೈಸೂರಿನಿಂದ ಅಪ್ಪ ಅವಳಿಗೊಂದು ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟರು. ಅದರ ಒಂದು ಮೂಲೆ ಒಡೆದಿತ್ತು. ಟ್ಯೂಬಿಗೆ ಹಾಕುವ ಅಂಟಿನಲ್ಲೇ ನಾನು ಅದನ್ನು ಕೂಡಿಸಿಕೊಟ್ಟಿದ್ದೆ.

ನಮ್ಮ ಮನೆ ಒಳಗೆ ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ. ಅಂಗಡಿ ಮುಂದೆ ಚೆನ್ನಾಗಿ ಸಿಗುತ್ತಿತ್ತು. ಹಾಗಾಗಿ ಕಾಲೇಜಿನಿಂದ ಬಂದು ಕಾಫಿ ಕುಡಿದವಳೇ ಲ್ಯಾಪ್‌ಟಾಪ್ ಎತ್ತಿಕೊಂಡು ಅಂಗಡಿಗೆ ಬರುತ್ತಿದ್ದಳು. ಹಳೆ ಟೈರು ಎರಡನ್ನು ಒಂದರ ಮೇಲೊಂದು ಇಟ್ಟು, ಮೇಲೆ ಗೋಣಿಚೀಲ ಹಾಸಿದರೆ ಅವಳ ಕುರ್ಚಿ. ಊಟಿ ಕಡೆಯಿಂದ ಬರುವ ಕಾರಿನವರು ಗಾಳಿ ಹಾಕಿಸಲು ನಿಲ್ಲಿಸಿದಾಗ, ಗ್ರೀಸು ಮೆತ್ತಿದ ಅಂಗಡಿಯಲ್ಲಿ ಕೂತು ಕಂಪ್ಯೂಟರ್ ಕುಟ್ಟುವ ಹುಡುಗಿಯನ್ನು ತಿರುತಿರುಗಿ ನೋಡುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ.

ಬ್ರೌಸರ್ ಅಂದರೆ ಪಹಣಿ ತೆಗೆಯಲು, ಬಸ್ ಟಿಕೆಟ್ ಮಾಡಲು ಇರುವುದು ಅಂತ ನಾನು ತಿಳಿದಿದ್ದೆ. ಅವಳು ಅದರೊಳಗೇ ಪ್ರೋಗ್ರಾಮ್ ಬರೆಯುತ್ತಿದ್ದಳು. ಎಡಗಡೆ ಫೋಲ್ಡರುಗಳ ಸಾಲು, ಬಲಗಡೆ ಬರೆಯುವ ಜಾಗ. ಬರೆದು ಒಂದು ಬಟನ್ ಒತ್ತಿದರೆ ಅಲ್ಲೇ ಕೆಳಗೆ ಉತ್ತರ ಮೂಡುತ್ತಿತ್ತು. ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟ್ ಮಾಡಿ ತೋರಿಸಬೇಕಿತ್ತು. ಅರಿಶಿನದ ಎಲೆಯ ಫೋಟೋ ಕೊಟ್ಟರೆ, ಆ ಎಲೆ ಎಷ್ಟು ಪಾಲು ಚುಕ್ಕೆ ಬಿದ್ದು ಒಣಗಿದೆ ಅಂತ ಹೇಳುವ ಪ್ರೋಗ್ರಾಮ್ ಅವಳದು. ಎಲ್ಲರಿಗಿಂತ ಚೆನ್ನಾಗಿ ಮಾಡಿದವರನ್ನು ಕಾಲೇಜಿನ ಲ್ಯಾಬಿನಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ ಅಂತ ಅವರ ಮೇಷ್ಟರು ಹೇಳಿದ್ದರಂತೆ. ಆ ಲ್ಯಾಬಿನ ಮೇಲೆ ಅವಳಿಗೆ ಎಷ್ಟು ಆಸೆ ಇತ್ತು ಅಂದರೆ, ಅದರ ಬೀಗದಕೈ ಗೊಂಚಲು ತನ್ನ ಸೊಂಟದಲ್ಲೇ ಇದೆ ಅನ್ನುವ ಹಾಗೆ ನಡೆಯುತ್ತಾಳೆ ಅಂತ ಅವ್ವ ರೇಗಿಸುತ್ತಿದ್ದಳು.

ಫೋಟೋ ತೆಗೆಯಲು ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ನಾನು ತಿರುಗಿದ ಹೊಲಗಳನ್ನು ಈಗ ನೆನೆದರೂ ಮೂಗಿಗೆ ಹಸಿ ಅರಿಶಿನದ ವಾಸನೆ ಬರುತ್ತದೆ. ಬೇಗೂರಿನ ಕಡೆಗೂ ಹೋದೆವು, ಕಾಡಂಚಿನ ಮದ್ದೂರಿನ ಕಡೆಗೂ ಹೋದೆವು. ಫೋಟೋದಲ್ಲಿ ಎಲೆಯ ಹಿಂದೆ ಬರೀ ಬಿಳಿ ಇರಬೇಕು ಅಂತ ಅವಳ ಕಟ್ಟುನಿಟ್ಟು. ಅಪ್ಪನ ಒಗೆದ ಪಂಚೆ ತಂದು, ಎಲೆಯ ಹಿಂದೆ ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಬಗ್ಗಿ ನಿಲ್ಲುವುದು ನನ್ನ ಕೆಲಸ. ಬದುವಿನ ಮೇಲೆ ಹೋಗುತ್ತಿದ್ದ ಒಬ್ಬ ಮುದುಕ ನಿಂತು ನೋಡಿದ.

"ಏನ್ಲಾ ಅದು, ಅರಿಶಿನದ ಗಿಡುಕ್ಕೆ ಪಂಚೆ ಉಡುಸ್ತಿದೀಯಾ? ಮದ್ವೆ ಯಾವಾಗ?"

"ಹೆಣ್ಣು ಗೊತ್ತಾಗ್ಲಿ ತಾತ, ಯೋಳಿಕಳುಸ್ತೀವಿ" ಅಂದಳು ಅವಳು, ಫೋನಿನಿಂದ ಕಣ್ಣು ಕೀಳದೆ. ಮುದುಕ ನಗುತ್ತ ಹೋದ. ನನಗೂ ನಗು ಬಂದು ಕೈಯಲ್ಲಿ ಹಿಡಿದಿದ್ದ ಪಂಚೆ ಅಲುಗಾಡಿತು. "ಅಳ್ಳಾಡ್ಬ್ಯಾಡ ಕಣಣ್ಣ" ಅಂತ ಬೈಸಿಕೊಂಡೆ.

ಹೀಗೆ ತೆಗೆದ ಫೋಟೋಗಳನ್ನೆಲ್ಲ ಅವಳು 'ಎಲೆ' ಅನ್ನುವ ಫೋಲ್ಡರಿಗೆ ಹಾಕಿದಳು. ಫೋಲ್ಡರ್ ತೆರೆಯುವುದು, ಮುಚ್ಚುವುದು, ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆ ಬಿಡುವುದು, ಇಷ್ಟನ್ನು ನನಗೂ ಕಲಿಸಿದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನೂ ಕೈಯೊರೆಸಿಕೊಂಡು ಅದರ ಮುಂದೆ ಕೂರುತ್ತಿದ್ದೆ.

ಪ್ರೋಗ್ರಾಮಿಗೆ ಫೋಟೋ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ ಅಂತ ಒಮ್ಮೆ ಕೇಳಿದೆ.

"ನಾನು ದಾರಿ ಬರ್ದಿರ್ತೀನಿ ಕಣಣ್ಣ. ಇಲ್ಲಿ ನೋಡು, ಮೊದ್ಲು ಎಲೆ ಅನ್ನೋ ಫೋಲ್ಡರ್ ಒಳುಕ್ಕೆ ಓಗು, ಅಲ್ಲಿ ಈ ಹೆಸರಿನ ಫೋಟೋ ತಗೋ ಅಂತ."

"ಯಾವ ಊರು, ಯಾವ ಬೀದಿ ಅಂತೆಲ್ಲ ಬ್ಯಾಡ್ವಾ?"

"ಬ್ಯಾಡ. ಪ್ರೋಗ್ರಾಮು ಎಲ್ಲಿ ನಿಂತದೋ ಅಲ್ಲಿಂದ ದಾರಿ. ಆ ಕೇರಳದ ಲಾರಿಯವ್ನಿಗೆ ನೀನು ಹೇಳುದ್ಯಲ್ಲ, ಅಂಗೆ."

ಆ ಲಾರಿಯ ಕಥೆ ಎತ್ತಿದರೆ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಒಬ್ಬ ಡ್ರೈವರ್ ಫೋನ್ ಮಾಡಿ, ಬಸ್‌ಸ್ಟಾಪ್ ಹತ್ತಿರ ಇದ್ದೀನಿ, ನಿಮ್ಮ ಅಂಗಡಿಗೆ ಹೇಗೆ ಬರುವುದು ಅಂತ ಅರೆಬರೆ ಕನ್ನಡದಲ್ಲಿ ಕೇಳಿದ್ದ. ಎದುರಿಗಿರುವ ಅರಳಿಮರ ದಾಟು, ಎಡಕ್ಕೆ ತಿರುಗು, ಹಾಲಿನ ಡೈರಿ ಪಕ್ಕದಲ್ಲೇ ಅಂದೆ. ನಾನು ಹೇಳಿದ್ದು ಹಂಗಳದ ಬಸ್‌ಸ್ಟಾಪಿನಿಂದ. ಅವನು ನಿಂತಿದ್ದದ್ದು ಗುಂಡ್ಲುಪೇಟೆಯಲ್ಲಿ. ಅವನ ಗ್ರಹಚಾರಕ್ಕೆ ಅಲ್ಲೂ ಒಂದು ಅರಳಿಮರ, ಎಡಕ್ಕೆ ತಿರುಗಿದರೆ ಅಲ್ಲೂ ಒಂದು ಹಾಲಿನ ಅಂಗಡಿ. ಪಂಕ್ಚರ್ ಹಾಕು ಅಂತ ಅವನು ಹಾಲಿನವನನ್ನು ಪೀಡಿಸಿ, ಇಬ್ಬರಿಗೂ ಜಗಳ ಹತ್ತಿ, ಕೊನೆಗೆ ಹಾಲಿನವನೇ ನನಗೆ ಫೋನ್ ಮಾಡಿ ಉಗಿದಿದ್ದ.

"ದಾರಿ ಸರಿಯಾಗೇ ಹೇಳಿದ್ದೆ" ಅಂದೆ.

"ಸರಿಯಾಗೇ ಹೇಳಿದ್ದೆ, ಆದ್ರೆ ಅವ್ನು ನಿಂತಿದ್ದ ಜಾಗ ಬ್ಯಾರೆ. ಇದ್ರಲ್ಲೂ ಅಷ್ಟೇಯ" ಅಂದಳು.

ನನಗೆ ಚೆನ್ನಾಗಿ ಅರ್ಥವಾಯಿತು. ಅರ್ಥವೇ ಆಗದೆ ಇದ್ದಿದ್ದರೆ ಇವತ್ತು ನನಗೆ ಇಷ್ಟು ನಾಚಿಕೆ ಇರುತ್ತಿರಲಿಲ್ಲ.

ಆಯುಧಪೂಜೆ ಬಂತು. ಪ್ರಾಜೆಕ್ಟ್ ತೋರಿಸುವುದು ಹಬ್ಬದ ರಜ ಮುಗಿದ ಮಾರನೇ ದಿನ. ನಮ್ಮಲ್ಲಿ ಆಯುಧಪೂಜೆ ಅಂದರೆ ಅನ್ನ ಕೊಡುವ ಸಾಮಾನು ಒಂದೂ ಎಲ್ಲೆಂದರಲ್ಲಿ ಬಿದ್ದಿರಬಾರದು. ಮೂಲೆಯ ಕುಡುಗೋಲಿನಿಂದ ಹಿಡಿದು ಅವ್ವನ ಈಳಿಗೆಮಣೆಯವರೆಗೆ ಎಲ್ಲವನ್ನೂ ತೊಳೆದು, ಒರೆಸಿ, ಒಂದು ಕಡೆ ಕೂಡಿಸಬೇಕು. ಪೂಜೆ ಆದ ಮೇಲೆ ವಿಜಯದಶಮಿಗೆ ಎತ್ತುವ ತನಕ ಮುಟ್ಟುವ ಹಾಗಿಲ್ಲ. ನಾನು ಅಂಗಡಿಯ ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ ಹಲಗೆಯ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದೆ. ಅಪ್ಪನ ಕೂರಿಗೆ ಬಂತು, ಔಷಧಿ ಹೊಡೆಯುವ ಪಂಪು ಬಂತು. ಲ್ಯಾಪ್‌ಟಾಪನ್ನೂ ಅಲ್ಲೇ ಇಟ್ಟು ತಂಗಿ ಸ್ನಾನಕ್ಕೆ ಹೋದಳು. ಮುಚ್ಚಿರಲಿಲ್ಲ.

ಒದ್ದೆಬಟ್ಟೆ ಹಿಂಡಿ ಅದರ ಗುಂಡಿಗಳನ್ನು ಒರೆಸಿದೆ. ಒರೆಸುವಾಗ ಪರದೆ ನೋಡಿದೆ. ಎಡಗಡೆಯ ಸಾಲಿನಲ್ಲಿ 'ಎಲೆ' ಅನ್ನುವ ಫೋಲ್ಡರ್, ಪ್ರಾಜೆಕ್ಟಿನ ಬಗ್ಗೆ ಬರೆದದ್ದನ್ನು ಇಟ್ಟಿದ್ದ 'ವರದಿ' ಅನ್ನುವ ಫೋಲ್ಡರ್. ಅವಳು ಬರೆದ ಪ್ರೋಗ್ರಾಮ್ ಒಂದೇ ಒಂದು ಯಾವ ಫೋಲ್ಡರಿಗೂ ಸೇರದೆ ಹೊರಗೆ ಬಿದ್ದಿತ್ತು. ಪೆಟ್ಟಿಗೆಯ ಹೊರಗೆ ಬಿಟ್ಟ ಸ್ಪ್ಯಾನರಿನ ಹಾಗೆ ಕಂಡಿತು ನನ್ನ ಕಣ್ಣಿಗೆ. ಬರವಣಿಗೆಯದ್ದೆಲ್ಲ ವರದಿಯಲ್ಲಿ ಇದೆಯಲ್ಲ, ಇದೂ ಬರೆದದ್ದೇ ತಾನೆ ಅಂದುಕೊಂಡು, ಅವಳೇ ಕಲಿಸಿದ ಹಾಗೆ ಅದನ್ನು ಎಳೆದು ವರದಿಯ ಒಳಗೆ ಬಿಟ್ಟೆ. ಈಗ ನೋಡು ಚೊಕ್ಕಟವಾಯಿತು ಅನ್ನಿಸಿತು. ಮುಚ್ಚಳ ಹಾಕಿದೆ.

ಅವ್ವ ಬಂದು ಮುಚ್ಚಳದ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮ ಇಟ್ಟು, ಒಂದು ಚೆಂಡುಹೂ ಸಿಕ್ಕಿಸಿದಳು. ಸ್ನಾನ ಮುಗಿಸಿ ಬಂದ ತಂಗಿ ಇನ್ನೊಂದು ಸಲ ತೆಗೆದು ನೋಡಲು ಕೈ ಚಾಚಿದಳು.

"ಮುಟ್ಬ್ಯಾಡ ಕಣಮ್ಮಿ. ಪೂಜೆ ಆಗೋಯ್ತು. ಎತ್ತಗಂಟ ಅದೂ ಒಸಿ ಮಲಿಕ್ಕಳ್ಳಿ" ಅಂದಳು ಅವ್ವ.

ವಿಜಯದಶಮಿಯ ಸಂಜೆ ತೆಗೆದಳು. ಹಿಂದಿನ ಸಲ ಓಡಿಸಿದ್ದ ಪ್ರೋಗ್ರಾಮಿನ ಉತ್ತರ, ಅದರ ಎಲೆಗಳು, ಎಲ್ಲ ಪರದೆಯ ಮೇಲೆ ಹಾಗೇ ನಿಂತಿದ್ದವು. ನೋಡಿ ಸಮಾಧಾನವಾಗಿ ಮುಚ್ಚಿದಳು. ಅದು ಹಳೆಯ ಉತ್ತರ, ಹೊಸದಾಗಿ ಓಡಿಸಿದರೆ ಬೇರೆಯಾಗುತ್ತದೆ ಅಂತ ಅವಳಿಗೂ ಹೊಳೆಯಲಿಲ್ಲ.

ಹಬ್ಬ ಮುಗಿಸಿ ಹೋಗುವವರಿಂದ ಬಸ್ಸುಗಳೆಲ್ಲ ತುಂಬಿದ್ದವು. ನಾನೇ ಬೈಕಿನಲ್ಲಿ ಕರೆದುಕೊಂಡು ಹೋದೆ. ತೆರಕಣಾಂಬಿ ದಾಟಿದ ಮೇಲೆ ಅವಳು ಹಿಂದೆ ಕೂತು ಇಂಗ್ಲಿಷಿನಲ್ಲಿ ಏನೇನೋ ಹೇಳಿಕೊಳ್ಳುತ್ತಿದ್ದಳು, ಮೇಷ್ಟರ ಮುಂದೆ ಹೇಳುವ ಮಾತುಗಳು. ಕಾಲೇಜಿನ ಗೇಟಿನ ಹತ್ತಿರ ಹೊಂಗೆಮರದ ನೆರಳಿಗೆ ಬೈಕ್ ಹಾಕಿ ನಾನು ಕಾಯುತ್ತ ನಿಂತೆ.

ಬಹಳ ಹೊತ್ತಾಗಿರಲಿಲ್ಲ. ಲ್ಯಾಪ್‌ಟಾಪನ್ನು ತೆರೆದೇ ಎದೆಗೊತ್ತಿ ಹಿಡಿದುಕೊಂಡು ಅವಳು ಓಡಿಬಂದಳು. ಮುಖ ಬಾಡಿಹೋಗಿತ್ತು.

"ಮೊದ್ಲಿಂದ ಓಡ್ಸಿ ತೋರ್ಸು ಅಂದ್ರು. ಓಡುಸ್ದ್ರೆ ಎಲೆನೇ ಸಿಕ್ಕುಲ್ಲ ಅಂತದೆ ಕಣಣ್ಣ. ಹೇಳಿರೋ ಕಡೆ ಅಂಥ ಫೋಟೋನೇ ಇಲ್ವಂತೆ. ಮಿಕ್ಕೋರ್ದು ಮುಗ್ಯಗಂಟ ಟೈಮ್ ಕೊಟ್ಟವ್ರೆ. ಹೆಸ್ರು ನೋಡ್ದೆ, ಅಕ್ಷರ ನೋಡ್ದೆ, ಎಲ್ಲ ಸರಿಯಾಗೇ ಅದೆ." ಉಸಿರು ಎಳೆದುಕೊಂಡಳು. "ಹಬ್ಬದಲ್ಲಿ ನೀನೇನಾದ್ರೂ ಇದುನ್ನ ಮುಟ್ಟಿದ್ಯಾ?"

ಹೇಳಿರುವ ಕಡೆ ಇಲ್ಲ ಅಂದ ಕೂಡಲೇ ನನ್ನ ಕಣ್ಣ ಮುಂದೆ ಆ ಕೇರಳದ ಲಾರಿ ಬಂದು ನಿಂತಿತು. ದಾರಿ ಸರಿಯಾಗಿದೆ, ನಿಂತ ಜಾಗ ಬೇರೆಯಾಗಿದೆ. ಜಾಗ ಬದಲಿಸಿದವನು ನಾನು. ಆದರೆ ಗೇಟಿನ ಹತ್ತಿರ ಅವಳ ಜೊತೆಯ ಹುಡುಗ ಹುಡುಗಿಯರು ನಿಂತಿದ್ದರು, ಎಲ್ಲರೂ ಇಸ್ತ್ರಿ ಬಟ್ಟೆಯವರು. ನನ್ನ ಉಗುರುಸಂದಿನಲ್ಲಿ ಹಬ್ಬಕ್ಕೆ ಉಜ್ಜಿದರೂ ಹೋಗದ ಗ್ರೀಸು ಇತ್ತು. ಓದಿಲ್ಲದ ಅಣ್ಣ ಮುಟ್ಟಿ ಕೆಡಿಸಿದ ಅಂತ ಅವರ ಮುಂದೆ ಅನ್ನಿಸಿಕೊಳ್ಳಲು ನನಗೆ ಆಗಲಿಲ್ಲ.

"ನಾನ್ಯಾಕ್ ಮುಟ್ಲಿ ಕಣಮ್ಮಿ. ನಂಗೇನ್ ಗೊತ್ತಾದದು ಅದ್ರಲ್ಲಿ" ಅಂದೆ.

ಅವಳು ಒಂದು ಕ್ಷಣವೂ ಅನುಮಾನಪಡಲಿಲ್ಲ. ಅಣ್ಣ ಮುಟ್ಟಿಲ್ಲ ಅಂದಮೇಲೆ ಎಲ್ಲ ಇದ್ದ ಜಾಗದಲ್ಲೇ ಇದೆ ಅಂತ ನಂಬಿಕೊಂಡು ವಾಪಸು ಓಡಿದಳು. ಒಳಗೆ ಅವಳು ಬರೆದದ್ದನ್ನೇ ಮತ್ತೆ ಮತ್ತೆ ತಿದ್ದಿದಳಂತೆ, ಫೋಟೋಗಳ ಹೆಸರು ಬದಲಿಸಿದಳಂತೆ. ನಿಂತ ಜಾಗವನ್ನು ಮಾತ್ರ ನೋಡಲಿಲ್ಲ. ಉಳಿದವರದ್ದು ಮುಗಿಯಿತು, ಅವಳ ಹೊತ್ತೂ ಮುಗಿಯಿತು.

ಊರಿಗೆ ಬಂದ ಮೇಲೆ ಅವಳು ಅಂಗಡಿಯ ಟೈರಿನ ಮೇಲೆ ಕೂತು ತಣ್ಣಗೆ ಒಂದೊಂದೇ ನೋಡುತ್ತ ಬಂದಾಗ ಅದು ಸಿಕ್ಕಿತು. ನಾನು ಆಗ ಒಂದು ಬಸ್ಸಿನ ಚಕ್ರ ಬಿಚ್ಚುತ್ತಿದ್ದೆ.

"ಥೂ, ಇದು ವರದಿ ಒಳಗೆ ನಿಂತದೆ ಕಣಣ್ಣ. ಅಲ್ಲಿ ನಿಂತ್ಕಂಡು ಎಲೆ ಹುಡುಕುದ್ರೆ ಎಲ್ ಸಿಕ್ಕದು?" ಅಂದಳು. ಬರೆದ ದಾರಿಯ ಮುಂದೆ ಎರಡು ಚುಕ್ಕೆ, ಒಂದು ಗೆರೆ ಸೇರಿಸಿದಳು. ಮೊದಲು ಒಂದು ಬಾಗಿಲು ಆಚೆಗೆ ಬಾ, ಆಮೇಲೆ ಎಲೆ ಫೋಲ್ಡರಿಗೆ ಹೋಗು ಅಂತ ಅದರ ಅರ್ಥವಂತೆ. ಬಟನ್ ಒತ್ತಿದಳು. ಅಪ್ಪನ ಪಂಚೆಯ ಮುಂದೆ ನಿಂತ ಎಲೆಗಳು ಸಾಲಾಗಿ ಬಂದವು.

"ಯಾವ್ದೋ ಅವಸರದಲ್ಲಿ ನಾನೇ ಎಳ್ದಾಕ್ಬುಟ್ಟಿದೀನಿ" ಅಂದಳು. ಅಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಮನೆಗೆ ಹೋಗಿ ಅವ್ವನ ಜೊತೆ ಹುರುಳಿಕಾಳು ಕೇರಲು ಕೂತಳು. ನಾನು ಬಸ್ಸಿನ ಚಕ್ರವನ್ನು ತಿರುಗಿ ಕೂರಿಸುವಾಗ ನಟ್ಟುಗಳನ್ನು ಬೇಕಾದ್ದಕ್ಕಿಂತ ಬಿಗಿ ಮಾಡಿದೆ.

ಅವಳು ಪಾಸಾದಳು. ಲ್ಯಾಬಿನ ಕೆಲಸ ಬೇರೆಯವರಿಗೆ ಹೋಯಿತು. ಕೆಲಸಕ್ಕಿಂತ ದೊಡ್ಡದೊಂದು ಅವಳಿಂದ ಹೋಗಿತ್ತು, ಅದು ನನಗೆ ನಿಧಾನವಾಗಿ ಕಾಣಿಸಿತು. ಬೀಗ ಹಾಕಿ ಬಸ್‌ಸ್ಟಾಪಿನ ತನಕ ಹೋದವಳು ತಿರುಗಿ ಬಂದು ಬೀಗ ಎಳೆದು ನೋಡುತ್ತಿದ್ದಳು. ಗ್ಯಾಸ್ ಆರಿಸಿದ್ದೀನಾ ಅಂತ ಅವ್ವನನ್ನು ಕೇಳುತ್ತಿದ್ದಳು. ಗುಂಡ್ಲುಪೇಟೆಯಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿಗೆ ಸೇರಿದಾಗ, ಒಂದು ಅರ್ಜಿಯನ್ನು ಓದಿ ಓದಿ ಕಳಿಸುವಷ್ಟರಲ್ಲಿ ಗಿರಾಕಿಗಳು ಗೊಣಗುತ್ತಿದ್ದರಂತೆ. "ನನ್ ಕೈನ ನಂಬಕ್ಕಾಗದಿಲ್ಲ" ಅನ್ನುವುದು ಅವಳ ಮಾತಾಯಿತು. ಹೊಲದಲ್ಲಿ ಮುದುಕನಿಗೆ ಪಟ್ಟನೆ ಉತ್ತರ ಕೊಟ್ಟ ಹುಡುಗಿಯ ಬಾಯಲ್ಲಿ ಅದನ್ನು ಕೇಳುವುದು ಕಷ್ಟವಾಗುತ್ತಿತ್ತು. ಹೇಳಬೇಕು ಅಂದುಕೊಳ್ಳುತ್ತಿದ್ದೆ. ಮೊದಲ ವರ್ಷ ಗಾಯ ಹಸಿ ಇದೆ ಅಂತ ಹೇಳಲಿಲ್ಲ, ಆಮೇಲೆ ಗಾಯ ಮಾಯ್ದಿದೆ, ಯಾಕೆ ಕೆರೆಯುವುದು ಅಂತ ಹೇಳಲಿಲ್ಲ.

ಈಗ ಅವಳು ಬೇಗೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ. ಮಕ್ಕಳಿಗೆ ಅವಳೆಂದರೆ ಜೀವ. ಈಚೆಗೆ ಚಾಮರಾಜನಗರದಿಂದ ಅವಳಿಗೆ ಕರೆ ಬಂತು, ಜಿಲ್ಲೆಯ ಬೇರೆ ಶಾಲೆಗಳ ಮೇಷ್ಟರುಗಳಿಗೆ ಇದನ್ನೇ ಕಲಿಸಲು ಬರುತ್ತೀರಾ ಅಂತ. ಊಟದ ಹೊತ್ತಿನಲ್ಲಿ ಅವಳು ಅದನ್ನು ಹೇಳಿ, ಹಿಂದೆಯೇ "ಬರಲ್ಲ ಅಂತ ಫೋನ್ ಮಾಡ್ಬುಡ್ತೀನಿ" ಅಂದಳು.

"ಯಾಕಮ್ಮಿ?" ಅಂದರು ಅಪ್ಪ.

"ಮಕ್ಳ ಮುಂದೆ ತಪ್ಪಾದ್ರೆ ನಕ್ಕಂಡು ಸರಿ ಮಾಡ್ಬೋದು. ದೊಡ್ಡೋರ ಮುಂದೆ ಒಂದ್ಸಲ ಆಯ್ತಲ್ಲ, ಸಾಕು."

ನಾನು ಮುದ್ದೆ ಮುರಿಯುತ್ತ ತಟ್ಟೆಯನ್ನೇ ನೋಡುತ್ತಿದ್ದೆ.

ಮಾರನೇ ದಿನ ಶಾಲೆಯಿಂದಲೇ ಫೋನ್ ಮಾಡಿದಳು, ಸ್ಕೂಟಿಯ ಹಿಂದಿನ ಚಕ್ರ ಕೂತುಬಿಟ್ಟಿದೆ, ಬಾ ಅಂತ. ಸಾಮಾನು ಕಟ್ಟಿಕೊಂಡು ಬೇಗೂರಿಗೆ ಹೋದೆ. ಸ್ಕೂಟಿ ಅವಳ ಕ್ಲಾಸಿನ ಕಿಟಕಿಯ ಕೆಳಗೇ ಇತ್ತು. ಶಾಲೆಯವರ ಒಂದು ಬಕೆಟ್ ನೀರು ಇಸಿದುಕೊಂಡು, ಟ್ಯೂಬ್ ಬಿಚ್ಚಿ, ಎಲ್ಲಿ ಗುಳ್ಳೆ ಏಳುತ್ತದೆ ಅಂತ ಮುಳುಗಿಸಿ ನೋಡುತ್ತ ಕೂತೆ. ಒಳಗಿನ ಮಾತು ಕಿವಿಗೆ ಬೀಳುತ್ತಿತ್ತು.

"ಮಿಸ್, ನನ್ ಹೂವಿನ ಫೋಟೋ ಬತ್ತಾನೇ ಇಲ್ಲ" ಅಂದಳೊಬ್ಬಳು ಹುಡುಗಿ. "ಬರೀ ಖಾಲಿ ಚೌಕ ಬತ್ತದೆ."

"ದಾರಿ ಸರಿಯಾಗಿ ಬರ್ದಿದೀಯಾ?"

"ಊಂ ಮಿಸ್, ಬೋರ್ಡಲ್ಲಿರದೇಯ."

"ಹಂಗಾದ್ರೆ ದಾರಿ ಬುಡು. ಮೊದ್ಲು ನೀನೆಲ್ಲಿ ನಿಂತಿದೀಯ ಅದುನ್ನ ನೋಡು." ಆಮೇಲೆ ಇಡೀ ಕ್ಲಾಸಿಗೆ ಕೇಳುವ ಹಾಗೆ ಕೇರಳದ ಲಾರಿಯ ಕಥೆ ಹೇಳಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ನಗು ನಿಂತ ಮೇಲೆ ಅವಳ ದನಿ ಸ್ವಲ್ಪ ಇಳಿಯಿತು. "ನಾನೂ ಓದೋವಾಗ ಹಿಂಗೇ ಮಾಡಿದ್ದೆ. ಅವಸರದಲ್ಲಿ ನನ್ ಕೈಯಾರ ಪ್ರೋಗ್ರಾಮ್‌ನ ಬೇರೆ ಕಡೆ ಹಾಕ್ಬುಟ್ಟು, ಪರೀಕ್ಷೆ ದಿನ ಮಂಗಿ ಹಂಗೆ ನಿಂತಿದ್ದೆ. ನೀವು ನನ್ನಂಗಾಗ್ಬೇಡಿ."

ಮಕ್ಕಳು ಇದಕ್ಕೂ ನಕ್ಕರು. ನನ್ನ ಕೈಯಲ್ಲಿದ್ದ ಟ್ಯೂಬಿನಿಂದ ಗುಳ್ಳೆ ಏಳುತ್ತಲೇ ಇತ್ತು. ನಾನು ಅದನ್ನು ನೋಡುತ್ತಿದ್ದೆ, ಗುರುತು ಹಾಕುವುದನ್ನು ಮರೆತಿದ್ದೆ.

ಬೆಲ್ ಹೊಡೆದು ಮಕ್ಕಳೆಲ್ಲ ಊಟಕ್ಕೆ ಓಡಿದ ಮೇಲೆ ಅವಳು ಹೊರಗೆ ಬಂದಳು. ಬಕೆಟ್ಟಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

"ಇನ್ನೂ ಆಗಿಲ್ವಾ ಕಣಣ್ಣ? ಪರವಾಗಿಲ್ಲ ಬುಡು. ಅಷ್ಟೊತ್ತಿಗೆ ಚಾಮರಾಜನಗರದೋರಿಗೆ ಫೋನ್ ಮಾಡ್ಬುಡ್ತೀನಿ" ಅಂತ ಫೋನ್ ತೆಗೆದಳು.

"ಮಾಡ್ಬ್ಯಾಡ" ಅಂದೆ.

"ಯಾಕೆ?"

"ಆಯುಧಪೂಜೆ ದಿನ ನೀನು ಸ್ನಾನುಕ್ಕೆ ಓಗಿದ್ದೆ. ನಾನು ಕಂಪ್ಯೂಟ್ರು ಒರುಸ್ತಾ ಇದ್ದೆ. ನಿನ್ ಪ್ರೋಗ್ರಾಮು ಹೊರಗಡೆ ಒಂದೇ ಬಿದ್ದದೆ ಅಂತ ವರದಿ ಒಳುಕ್ಕೆ ಎಳ್ದಾಕ್ದೆ. ಸ್ಪ್ಯಾನರ್ ಎತ್ತಿಟ್ಟಂಗೆ."

ಅವಳು ಫೋನನ್ನು ಮಡಿಲಿಗೆ ಇಳಿಸಿದಳು. ನನ್ನನ್ನು ನೋಡಲಿಲ್ಲ, ಬಕೆಟ್ಟಿನ ನೀರು ನೋಡುತ್ತಿದ್ದಳು. ಆಮೇಲೆ ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡಳು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ.

"ಗೇಟ್ ತಾವ ನಿನ್ನ ಕೇಳುದ್ನಲ್ಲಣ್ಣ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸುಲಭವಾಗುತ್ತಿತ್ತು.

"ಕೇಳುದ್ದೆ."

"ಆಗ ಒಂದ್ ಮಾತು ಅಂದಿದ್ರೆ, ಓಗಿ ಎರಡು ಚುಕ್ಕೆ ಹಾಕ್ಬುಟ್ಟು ಬತ್ತಿದ್ನಲ್ಲ."

ನೀರಿನಿಂದ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡೆ. ಅಷ್ಟು ವರ್ಷ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತು ಬಾಯಿಗೆ ಬರುವಾಗ ಮೊಳೆಯಷ್ಟು ಗಟ್ಟಿಯಾಗಿತ್ತು.

"ಗೊತ್ತಾಗಿತ್ತು ಕಣಮ್ಮಿ. ನೀನು ಕೇಳುದ್ ತಕ್ಷಣ ಗೊತ್ತಾಗಿತ್ತು. ನಾಚಿಕೆ ಆಗಿ ಸುಳ್ಳು ಹೇಳ್ಬುಟ್ಟೆ. ನಿನ್ ಕೈ ಅವತ್ತೂ ತಪ್ಪು ಮಾಡ್ನಿಲ್ಲ. ತಪ್ಪು ಮಾಡುದ್ದು ನಾನು, ಅದುನ್ನ ಇಷ್ಟು ವರ್ಷ ನಿನ್ ತಲೆ ಮೇಲೆ ಇಟ್ಟಿದ್ದವ್ನೂ ನಾನೇ. ನನ್ನ ಕ್ಷಮಿಸ್ಬುಡು."